ಇಂಗ್ಲಿಷ್ ಪದಗಳ ನಂಟು: ಯಾವುದು ಮೊದಲು, ಯಾವುದು ಆಮೇಲೆ

ಒಂದು ಪದಕ್ಕೆ ಅರ್ಥ ಬರುವುದು ಉಳಿದ ಪದಗಳ ನಡುವೆ ಅದು ನಿಂತ ಜಾಗದಿಂದ. ‘ಬಿಸಿ’ ಎಂದರೇನೆಂದು ಹೇಳಹೊರಟರೆ ‘ತಣ್ಣಗೆ’, ‘ಬೆಚ್ಚಗೆ’, ‘ಸುಡು’, ‘ನೀರು’, ‘ಕಾಫಿ’ ಇವುಗಳ ನೆರವಿಲ್ಲದೆ ಮಾತು ಮುಂದಕ್ಕೆ ಸಾಗದು. ಈ ನಂಟುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಪದದ ಜಾಗದಲ್ಲೇ ಬಂದು ಕೂರಬಲ್ಲ ಬೇರೆ ಪದಗಳೊಂದಿಗೆ ಅದಕ್ಕಿರುವ ನಂಟು ಮೊದಲನೆಯದು. ಸಮಾನಾರ್ಥಕ, ವಿರುದ್ಧಾರ್ಥಕಗಳು ಇಲ್ಲಿಗೆ ಸೇರುತ್ತವೆ. ‘ಹಣ್ಣು’ ಮತ್ತು ‘ಮಾವು’ ಎಂಬಂಥ ಬಗೆ, ಒಳಬಗೆಗಳೂ ಇಲ್ಲಿಗೇ. ಪದದ ಪಕ್ಕದಲ್ಲಿ ಬರುವ ಪದಗಳೊಂದಿಗಿನ ಒಡನಾಟ ಎರಡನೆಯದು. ಬಟ್ಟೆಯನ್ನು ಒಗೆಯುವುದು, ಪಾತ್ರೆಯನ್ನು ತಿಕ್ಕುವುದು, ಹಲ್ಲನ್ನು ಉಜ್ಜುವುದು ಕನ್ನಡದ ರೂಢಿ. ಇವು ಅದಲುಬದಲಾದರೆ ಕೇಳಿದವರಿಗೆ ನಗು ಬರುತ್ತದೆ. ಮೂರನೆಯದು ರೂಪದ ನಂಟು. ಕಲಿ, ಕಲಿಕೆ, ಕಲಿಸು ಎಂಬ ಹಾಗೆ ಒಂದೇ ಬೇರಿನಿಂದ ಒಡೆದ ಪದಗಳದು.

ಇಂಗ್ಲಿಷ್ ಪದಸಂಪತ್ತನ್ನು ಇಂಥ ನಂಟುಗಳ ಮೂಲಕ ಕಲಿಸಬೇಕೆಂಬುದನ್ನು ಒಪ್ಪದ ಶಿಕ್ಷಕರು ಕಡಿಮೆ. ತಕರಾರು ಇರುವುದು ಯಾವ ನಂಟನ್ನು ಯಾವಾಗ ತರಬೇಕೆಂಬಲ್ಲಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಆದರೂ ಪದ ಕಲಿಸುವ ರೂಢಿ ಹಳೆಯದೇ. ಪಾಠ ಮುಗಿದ ಮೇಲೆ ನೋಟ್‌ಬುಕ್ಕಿನ ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ಅದರ ಕೆಳಗೆ ‘ಸಿನನಿಮ್ಸ್’ ಎಂದು ಒಂದು ಪಟ್ಟಿ, ‘ಆಪೋಸಿಟ್ಸ್’ ಎಂದು ಇನ್ನೊಂದು. ಮೂರು ಬಗೆಯ ನಂಟಿನಲ್ಲಿ ಮೊದಲನೆಯದನ್ನು, ಅದರಲ್ಲೂ ಎರಡೇ ಎಳೆಗಳನ್ನು ಹಿಡಿದು ಉಳಿದದ್ದನ್ನು ಕೈಬಿಟ್ಟಂತಾಯಿತು. ಹತ್ತನೇ ತರಗತಿ ಮುಗಿಸಿದವರಿಗೆ ‘ಹ್ಯಾಪಿ’ಗೆ ‘ಗ್ಲ್ಯಾಡ್’, ‘ಜಾಯ್‌ಫುಲ್’ ಎಂಬ ಸಮಾನಪದಗಳು ಬಾಯಿಗೆ ಬರುತ್ತವೆ; ಊಟ ಆಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಬೇಕಾದಾಗ ‘ಲಂಚ್’ ಜೊತೆಗೆ ಯಾವ ಕ್ರಿಯಾಪದ ಹಾಕಬೇಕೆಂದು ನಾಲಿಗೆ ತಡವರಿಸುತ್ತದೆ. ಕಲಿಸುವ ಕ್ರಮವನ್ನು ಮಗುಚಿ ಹಾಕಬೇಕು: ಒಡನಾಟ ಮೊದಲು, ರೂಪದ ನಂಟು ಅದರ ಬೆನ್ನಿಗೆ, ವಿರುದ್ಧಪದ ಮತ್ತು ಸಮಾನಪದಗಳು ಕೊನೆಗೆ. ಇದಕ್ಕೆ ಕಾರಣಗಳಿವೆ.

ಸಮಾನಪದಗಳ ಪಟ್ಟಿಯ ಮೇಲಿನ ಈ ಮೋಹಕ್ಕೆ ದೊಡ್ಡ ಪರಂಪರೆಯೇ ಇದೆ. ಅಮರಸಿಂಹನ ಕೋಶ ಸಂಸ್ಕೃತದ ಪದಗಳನ್ನು ಅಕ್ಷರಾನುಕ್ರಮದಲ್ಲಿ ಕೊಡುವುದಿಲ್ಲ. ಸ್ವರ್ಗ, ಭೂಮಿ, ಊರು, ಬೆಟ್ಟ, ಕಾಡು ಎಂದು ವಿಷಯವಾರು ವರ್ಗಗಳಾಗಿ ವಿಂಗಡಿಸಿ, ಒಂದೊಂದು ವಸ್ತುವಿನ ಹೆಸರುಗಳನ್ನೆಲ್ಲ ಶ್ಲೋಕಕ್ಕೆ ಅಳವಡಿಸುತ್ತದೆ. ಕನ್ನಡದಲ್ಲೂ ರನ್ನನ ಹೆಸರಿನ ‘ರನ್ನಕಂದ’, ನಾಗವರ್ಮನ ‘ಅಭಿಧಾನ ವಸ್ತುಕೋಶ’, ಮಂಗರಾಜನ ನಿಘಂಟು ಪದ್ಯರೂಪದವೇ. ಅಕಾರಾದಿಯಾಗಿ ಜೋಡಿಸಿದ ಕಿಟೆಲ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಇಂಗ್ಲಿಷಿನಲ್ಲಿ ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ 1805ರಲ್ಲಿ ತನ್ನ ಸ್ವಂತ ಬಳಕೆಗೆಂದು ಪದಗಳನ್ನು ವಿಷಯವಾರು ಜೋಡಿಸತೊಡಗಿ, 1852ರಲ್ಲಿ, ಎಪ್ಪತ್ತು ದಾಟಿದ ಮೇಲೆ, ‘ಥೆಸಾರಸ್’ ಪ್ರಕಟಿಸಿದ. ಈ ಗ್ರಂಥಗಳೆಲ್ಲ ಅಮೋಘವಾದವು. ಆದರೆ ಇವು ಬರೆಯುವವರಿಗಾಗಿ, ಅಂದರೆ ಭಾಷೆ ಆಗಲೇ ಕೈವಶವಾಗಿದ್ದು ಸರಿಯಾದ ಪದಕ್ಕೆ ತಡಕಾಡುವವರಿಗಾಗಿ ಹುಟ್ಟಿದವು. ಪಾಠಶಾಲೆಯ ಮಕ್ಕಳು ಅಮರವನ್ನು ಬಾಯಿಪಾಠ ಮಾಡುತ್ತಿದ್ದುದು ನಿಜ. ಅದರ ಜೊತೆಗೇ ವರ್ಷಗಟ್ಟಲೆ ಕಾವ್ಯಪಾಠವೂ ನಡೆಯುತ್ತಿತ್ತು, ಆ ಪದಗಳು ಪದ್ಯಗಳೊಳಗೆ ಮತ್ತೆ ಮತ್ತೆ ಎದುರಾಗುತ್ತಿದ್ದವು. ಇಂದಿನ ಇಂಗ್ಲಿಷ್ ತರಗತಿ ಬಾಯಿಪಾಠವನ್ನು ಉಳಿಸಿಕೊಂಡು ಕಾವ್ಯವನ್ನು ಬಿಟ್ಟಿದೆ.

ಇಂಗ್ಲಿಷ್ ಹೊರಗಿನವರಿಗೆ ಪದಗಳನ್ನು ಹೇಗೆ ಕಲಿಸಬೇಕೆಂಬ ಚಿಂತನೆ ಬೆಳೆದದ್ದರಲ್ಲಿ ಏಷ್ಯಾದ ತರಗತಿಗಳ ಪಾಲು ದೊಡ್ಡದು. ಢಾಕಾದಲ್ಲಿ ಶಿಕ್ಷಕರ ತರಬೇತಿಯಲ್ಲಿ ತೊಡಗಿದ್ದ ಮೈಕಲ್ ವೆಸ್ಟ್ ಬಂಗಾಳದ ಮಕ್ಕಳ ಓದನ್ನು ಗಮನಿಸಿ 1926ರಲ್ಲಿ ದ್ವಿಭಾಷಿಕತೆಯ ಬಗ್ಗೆ ಪುಸ್ತಕ ಬರೆದ. ಸುಮಾರು 2000 ಪದಗಳ ಆತನ ‘ಜನರಲ್ ಸರ್ವಿಸ್ ಲಿಸ್ಟ್’ 1953ರಲ್ಲಿ ಬಂತು. ಟೋಕಿಯೋದಲ್ಲಿದ್ದ ಹೆರಾಲ್ಡ್ ಪಾಮರ್ 1933ರಲ್ಲಿ ಪದಗಳ ಒಡನಾಟದ ಬಗ್ಗೆ, ‘ಕೊಲೊಕೇಶನ್’ ಎಂಬ ಹೆಸರಿನಲ್ಲೇ, ಒಂದು ವರದಿ ಪ್ರಕಟಿಸಿದ. ಆ ಬಳಗದವನೇ ಆದ ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ 1942ರಲ್ಲಿ ಹೊರತಂದ ನಿಘಂಟೇ 1948ರಲ್ಲಿ ಆಕ್ಸ್‌ಫರ್ಡ್ ಮುದ್ರೆ ಪಡೆದು, ಇಂದು ನಮ್ಮ ಶಿಕ್ಷಕರ ಮೇಜಿನ ಮೇಲಿರುವ ಕಲಿಯುವವರ ನಿಘಂಟಾಗಿ ಬೆಳೆಯಿತು. ಪದವನ್ನು ಅದರ ಸಹವಾಸದಿಂದ ಗುರುತಿಸಬೇಕೆಂದು 1957ರಲ್ಲಿ ಸೂತ್ರದಂತೆ ಹೇಳಿದ ಜೆ. ಆರ್. ಫರ್ತ್ 1919ರಿಂದ 1928ರವರೆಗೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕನಾಗಿದ್ದ. ಇವರೆಲ್ಲರಿಗೂ ಕಂಡದ್ದು ಹೆಚ್ಚುಕಡಿಮೆ ಒಂದೇ. ಪದದ ಅರ್ಥ ತಿಳಿದವನಿಗೂ ಅದನ್ನು ವಾಕ್ಯದಲ್ಲಿ ಕೂರಿಸಲು ಬರುವುದಿಲ್ಲ, ಏಕೆಂದರೆ ಅದರ ಜೊತೆಗಾರರು ಯಾರೆಂದು ಅವನಿಗೆ ಗೊತ್ತಿಲ್ಲ.

ಒಡನಾಟದ ಸಮಸ್ಯೆ ಎಷ್ಟು ಆಳವಾದದ್ದೆಂಬುದಕ್ಕೆ ‘ಜೋರು’ ಎಂಬ ಒಂದು ಪದ ಸಾಕು. ಜೋರು ಮಳೆ, ಜೋರು ಗಾಳಿ, ಜೋರು ಜ್ವರ, ಜೋರು ದನಿ, ವ್ಯಾಪಾರ ಜೋರು. ಕನ್ನಡದಲ್ಲಿ ಒಂದೇ ಪದ ಎಲ್ಲ ಕಡೆಗೂ ಒದಗುತ್ತದೆ. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಜ್ವರ ‘ಹೈ’, ದನಿ ‘ಲೌಡ್’, ವ್ಯಾಪಾರ ‘ಬ್ರಿಸ್ಕ್’. ಮಳೆಗೆ ತೂಕ, ಜ್ವರಕ್ಕೆ ಎತ್ತರ ಯಾಕೆ ಬಂತೆಂದು ಕೇಳಿದರೆ ತರ್ಕದಲ್ಲಿ ಉತ್ತರವಿಲ್ಲ, ರೂಢಿ, ಅಷ್ಟೆ. ನಿಘಂಟಿನಲ್ಲಿ ‘ಜೋರು’ ಎಂಬುದಕ್ಕೆ ‘ಸ್ಟ್ರಾಂಗ್’ ಎಂದು ಓದಿಕೊಂಡವರು ‘ಸ್ಟ್ರಾಂಗ್ ರೇನ್’ ಎಂದೇ ಬರೆಯುತ್ತಾರೆ, ಬರೆದದ್ದು ತಪ್ಪೆಂದು ಅವರಿಗೆ ಯಾವ ವ್ಯಾಕರಣ ಪುಸ್ತಕವೂ ಹೇಳುವುದಿಲ್ಲ. ತಮಾಷೆಯೆಂದರೆ, ‘ಸ್ಟ್ರಾಂಗ್’ನ ಸರಿಯಾದ ಒಡನಾಟವೊಂದು ಕರ್ನಾಟಕದ ಪ್ರತಿ ಹೋಟೆಲಿನಲ್ಲೂ ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತದೆ: ‘ಒಂದು ಸ್ಟ್ರಾಂಗ್ ಕಾಫಿ’. ಅದರ ಎದುರು ‘ಲೈಟ್ ಟೀ’ ಎಂದು ಕೂಗುವುದು ನಮ್ಮ ಕಡೆಯ ರೂಢಿ. ಇಂಗ್ಲೆಂಡಿನಲ್ಲಿ ಅದೇ ಚಹಾ ‘ವೀಕ್’.

‘ಮಾಡು’ ಇನ್ನೂ ಗಟ್ಟಿ ಉದಾಹರಣೆ. ಕನ್ನಡದಲ್ಲಿ ಊಟ ಮಾಡುವುದೂ ಉಂಟು, ಸ್ನಾನ ಮಾಡುವುದೂ ಉಂಟು. ನಿದ್ದೆ, ತಪ್ಪು, ಭಾಷಣ, ಫೋನು, ಅಪರಾಧ ಎಲ್ಲವನ್ನೂ ‘ಮಾಡ’ಬಹುದು. ಇಂಗ್ಲಿಷಿನಲ್ಲಿ ಲಂಚ್‌ಗೆ ‘ಹ್ಯಾವ್’, ಸ್ನಾನಕ್ಕೆ ‘ಟೇಕ್’ ಅಥವಾ ‘ಹ್ಯಾವ್’, ತಪ್ಪಿಗೆ ‘ಮೇಕ್’, ಹೋಮ್‌ವರ್ಕ್‌ಗೆ ‘ಡೂ’, ಭಾಷಣಕ್ಕೆ ‘ಗಿವ್’, ಅಪರಾಧಕ್ಕೆ ‘ಕಮಿಟ್’. ನಿದ್ದೆಗೆ ಸಹಾಯಕ ಬೇಡ, ‘ಸ್ಲೀಪ್’ ಒಂದೇ ಸಾಕು. ‘ಡೂ’ ಮತ್ತು ‘ಮೇಕ್’ ನಡುವಿನ ವ್ಯತ್ಯಾಸಕ್ಕೆ ನಿಯಮ ಹೇಳಿಕೊಡುವ ಪುಸ್ತಕಗಳು ಬೇಕಾದಷ್ಟಿವೆ. ನಿಯಮಕ್ಕಿಂತ ಅಪವಾದಗಳೇ ಉದ್ದ. ಇಲ್ಲಿ ಕಲಿಯಬೇಕಾದ ಘಟಕ ‘ಮಿಸ್ಟೇಕ್’ ಅಲ್ಲ, ‘ಮೇಕ್ ಎ ಮಿಸ್ಟೇಕ್’. ನೋಟ್‌ಬುಕ್ಕಿನ ಎಡಗಡೆ ಬರೆಯಬೇಕಾದದ್ದೂ ಅದೇ. ಒಂದು ಪದ ಬರೆಯುವ ಜಾಗದಲ್ಲಿ ಮೂರು ಪದ ಬರೆಯುವುದಷ್ಟೇ ಹೆಚ್ಚಿನ ಶ್ರಮ. ಎಸ್‌ಎಸ್‌ಎಲ್‌ಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಪದಕ್ಕೆ ತಕ್ಕ ಜೊತೆಪದ ಹೊಂದಿಸುವ ಪ್ರಶ್ನೆ ಕಾಣಿಸಿಕೊಂಡಿರುವುದು ಒಳ್ಳೆಯ ಸೂಚನೆ. ಆದರೆ ಪರೀಕ್ಷೆಗೆಂದು ಒಂದು ಅಂಕದ ಪಟ್ಟಿಯಾಗಿ ಅದನ್ನೂ ಉರುಹೊಡೆಸಿದರೆ ಪ್ರಯೋಜನ ಅಷ್ಟಕ್ಕಷ್ಟೆ.

ಒಡನಾಟವನ್ನು ಮೊದಲಿಗೆ ಇಡಲು ಇನ್ನೊಂದು ಆಧಾರವೂ ಇದೆ. ಒಂದು ಪದ ಹೇಳಿ, ಕೇಳಿದ ತಕ್ಷಣ ಮನಸ್ಸಿಗೆ ಬಂದ ಇನ್ನೊಂದು ಪದವನ್ನು ಹೇಳಿಸುವ ಪರೀಕ್ಷೆಯನ್ನು ಮನೋವಿಜ್ಞಾನಿಗಳು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆಸಿಕೊಂಡು ಬಂದಿದ್ದಾರೆ. ಇಂಗ್ಲಿಷ್ ಮಾತೃಭಾಷೆಯ ಪುಟ್ಟ ಮಕ್ಕಳಿಗೆ ‘ಡಾಗ್’ ಎಂದರೆ ಸಾಮಾನ್ಯವಾಗಿ ‘ಬಾರ್ಕ್’ ಹೊಳೆಯುತ್ತದೆ, ದೊಡ್ಡವರಿಗೆ ‘ಕ್ಯಾಟ್’. ಮೊದಲು ಪಕ್ಕದ ಪದ, ವಯಸ್ಸಾದಂತೆ ಬದಲಿ ಪದ. ಹುಟ್ಟುಭಾಷೆಯಲ್ಲೇ ಮನಸ್ಸು ಹಿಡಿಯುವ ದಾರಿ ಇದಾಗಿರುವಾಗ, ಎರಡನೆಯ ಭಾಷೆಯನ್ನು ಇನ್ನೊಂದು ತುದಿಯಿಂದ ಶುರುಮಾಡುವುದಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಹೊಸ ಪದಗಳನ್ನು ಅರ್ಥಸಮೂಹವಾಗಿ ಒಟ್ಟಿಗೆ ಕೊಡುವುದರ ತೊಡಕು ಪ್ರಯೋಗಗಳಲ್ಲೂ ಕಂಡಿದೆ. ಟಿಂಕಮ್ ಎಂಬ ಸಂಶೋಧಕ 1993ರಲ್ಲಿ ಕಲಿಯುವವರಿಗೆ ಕೃತಕವಾಗಿ ರಚಿಸಿದ ಪದಗಳನ್ನು ಕೊಟ್ಟು ನೋಡಿದ. ಅಂಗಿ, ಜಾಕೆಟ್, ಸ್ವೆಟರ್ ಎಂಬಂತೆ ಒಂದೇ ಗುಂಪಿನ ಅರ್ಥಗಳಿದ್ದಾಗ ಕಲಿಕೆ ನಿಧಾನವಾಯಿತು. ಮಳೆ, ಕಾರು, ಕಪ್ಪೆ ಎಂಬಂತೆ ಪರಸ್ಪರ ಸಂಬಂಧವಿಲ್ಲದ ಅರ್ಥಗಳಿದ್ದಾಗ ಬೇಗ ಆಯಿತು. ರಾಬ್ ವೇರಿಂಗ್ ಜಪಾನಿನ ವಿದ್ಯಾರ್ಥಿಗಳೊಂದಿಗೆ ಇದನ್ನೇ ಮರುಪರೀಕ್ಷಿಸಿ 1997ರಲ್ಲಿ ಅದೇ ಫಲ ಕಂಡ. ಒಂದೇ ಹೊತ್ತಿನಲ್ಲಿ ಬಂದ ಹತ್ತಿರದ ಅರ್ಥದ ಪದಗಳು ನೆನಪಿನಲ್ಲಿ ಒಂದನ್ನೊಂದು ತುಳಿಯುತ್ತವೆ ಎಂಬುದು ಇದರ ವಿವರಣೆ. ಆಮೇಲಿನ ಎಲ್ಲ ಪ್ರಯೋಗಗಳೂ ಇದೇ ತೀರ್ಪು ಕೊಟ್ಟಿಲ್ಲ. ಆದರೂ ಶಿಕ್ಷಕರ ಅನುಭವ ಇದನ್ನು ಅಲ್ಲಗಳೆಯುವುದಿಲ್ಲ. ‘ಟ್ಯೂಸ್‌ಡೇ’ ಮತ್ತು ‘ಥರ್ಸ್‌ಡೇ’, ‘ಲೆಫ್ಟ್’ ಮತ್ತು ‘ರೈಟ್’, ‘ಲೆಂಡ್’ ಮತ್ತು ‘ಬಾರೊ’ ಜೋಡಿಗಳು ಎಷ್ಟೋ ಜನರಿಗೆ ದೊಡ್ಡವರಾದ ಮೇಲೂ ಗೊಂದಲವಾಗಿಯೇ ಉಳಿದಿವೆ. ಎರಡೂ ಪದ ಗೊತ್ತು, ಯಾವುದು ಯಾವುದೆಂದು ಗೊತ್ತಿಲ್ಲ.

ಕೊನೆಯ ಜೋಡಿ ಹೆಚ್ಚು ಕಾಡುತ್ತದೆ. ಕನ್ನಡ ಈ ವ್ಯವಹಾರವನ್ನು ‘ಸಾಲ’ ಎಂಬ ಒಂದೇ ನಾಮಪದದ ಮೇಲೆ ನಿಲ್ಲಿಸುತ್ತದೆ; ಕೊಡುವುದು, ತೆಗೆದುಕೊಳ್ಳುವುದು ಎಂಬ ಸಾಮಾನ್ಯ ಕ್ರಿಯಾಪದಗಳು ದಿಕ್ಕು ತೋರಿಸುತ್ತವೆ. ಇಂಗ್ಲಿಷಿನಲ್ಲಿ ಕ್ರಿಯಾಪದವೇ ದಿಕ್ಕನ್ನು ಹೊಟ್ಟೆಯೊಳಗಿಟ್ಟುಕೊಂಡಿದೆ. ಮೊದಲು ‘ಬಾರೊ’ ಒಂದನ್ನೇ, ಗ್ರಂಥಾಲಯದಿಂದ ಪುಸ್ತಕ ತರುವ ಸಂದರ್ಭದಲ್ಲಿ, ‘ಫ್ರಮ್’ ಜೊತೆಗೆ ಕಲಿಸಿ, ಅದು ಬಾಯಿಗೆ ಹತ್ತಿದ ಕೆಲವು ವಾರಗಳ ಮೇಲೆ ‘ಲೆಂಡ್’ ತಂದರೆ ಗೊಂದಲಕ್ಕೆ ಎಡೆ ಕಡಿಮೆ. ಆಗ ಅವುಗಳ ವಿರೋಧವನ್ನು ಎತ್ತಿ ತೋರಿಸುವುದರಿಂದ ಲಾಭವೂ ಆಗುತ್ತದೆ. ಗೊತ್ತಿರುವ ಒಂದಕ್ಕೆ ಗೊತ್ತಿಲ್ಲದ ಇನ್ನೊಂದನ್ನು ಕಟ್ಟುವುದು ಬೇರೆ, ಗೊತ್ತಿಲ್ಲದ ಎರಡನ್ನು ಒಂದಕ್ಕೊಂದು ಕಟ್ಟುವುದು ಬೇರೆ.

ಹಾಗಾದರೆ ಹೊಸ ಪದಗಳು ಚೆಲ್ಲಾಪಿಲ್ಲಿಯಾಗಿ ಬರಬೇಕೇ? ಬೇಕಿಲ್ಲ. ಟಿಂಕಮ್ 1997ರಲ್ಲಿ ಇನ್ನೊಂದು ಬಗೆಯ ಗುಂಪನ್ನು ಪರೀಕ್ಷಿಸಿದ: ಒಂದೇ ಜಾತಿಯ ಪದಗಳ ಬದಲು ಒಂದೇ ಸನ್ನಿವೇಶದ ಪದಗಳು. ಅವು ಕಲಿಕೆಗೆ ಅಡ್ಡ ಬರಲಿಲ್ಲ, ನೆರವಾದವು. ಬಸ್ ಪ್ರಯಾಣವನ್ನೇ ತೆಗೆದುಕೊಳ್ಳಬಹುದು. ‘ಟಿಕೆಟ್’, ‘ಕಂಡಕ್ಟರ್’, ‘ಸೀಟ್’, ‘ಸ್ಟಾಪ್’ ಯಾವ ಹಳ್ಳಿಯ ಮಗುವಿಗೂ ಗೊತ್ತಿರುವ ಪದಗಳೇ. ಅವುಗಳ ನಡುವೆ ‘ಕ್ರೌಡೆಡ್’, ‘ಫೇರ್’, ‘ಗೆಟ್ ಆಫ್’, ಚಿಲ್ಲರೆ ಎಂಬ ಅರ್ಥದ ‘ಚೇಂಜ್’ ಹೊಸದಾಗಿ ಬಂದು ಸೇರುತ್ತವೆ. ಒಂದು ನಾಮಪದ, ಒಂದು ಕ್ರಿಯೆ, ಒಂದು ವಿಶೇಷಣ. ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರಲಾರದು, ಹಾಗಾಗಿ ಒಂದನ್ನೊಂದು ತುಳಿಯುವ ಪ್ರಶ್ನೆಯೇ ಇಲ್ಲ. ಬಣ್ಣಗಳು, ಹಣ್ಣುಗಳು, ಪ್ರಾಣಿಗಳು, ಉಡುಪುಗಳು ಎಂದು ಪುಟಕ್ಕೊಂದು ಜಾತಿ ಹಂಚುವ ಬಾಲಬೋಧೆ ಚಿತ್ರಪುಸ್ತಕಗಳು ನೋಡಲು ಚೆಂದ, ಕಲಿಸಲು ಅಷ್ಟು ಒಳ್ಳೆಯವಲ್ಲ.

ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ನಿಜವಾದ ಬಲ ಇರುವುದು ರೂಪದ ನಂಟಿನಲ್ಲಿ, ಮತ್ತು ಅದನ್ನು ಯಾರೂ ಬಳಸಿಕೊಳ್ಳುತ್ತಿಲ್ಲ. ವಿಜ್ಞಾನ ಪಠ್ಯದ ‘ಜಲಜನಕ’ವನ್ನು ಬಿಡಿಸಿದರೆ ನೀರನ್ನು ಹುಟ್ಟಿಸುವಂಥದು; ‘ಹೈಡ್ರೊಜನ್’ ಅನ್ನು ಬಿಡಿಸಿದರೂ ಅದೇ. ‘ಆಮ್ಲಜನಕ’ ಮತ್ತು ‘ಆಕ್ಸಿಜನ್’ ಕೂಡ ತುಂಡು ತುಂಡಾಗಿ ಸರಿಹೊಂದುತ್ತವೆ. ‘ಉಷ್ಣಮಾಪಕ’, ‘ಥರ್ಮಾಮೀಟರ್’; ‘ದೂರದರ್ಶಕ’, ‘ಟೆಲಿಸ್ಕೋಪ್’; ‘ಸೂಕ್ಷ್ಮದರ್ಶಕ’, ‘ಮೈಕ್ರೊಸ್ಕೋಪ್’. ‘ದ್ಯುತಿಸಂಶ್ಲೇಷಣೆ’ಯ ದ್ಯುತಿ ‘ಫೋಟೊ’ ಆದರೆ, ಸಂಶ್ಲೇಷಣೆಯ ‘ಸಂ’ ಹೇಳುವುದೂ ‘ಸಿಂಥೆಸಿಸ್’ನ ‘ಸಿನ್’ ಹೇಳುವುದೂ ಕೂಡುವಿಕೆಯನ್ನೇ. ಕನ್ನಡ ಪಾರಿಭಾಷಿಕ ಪದಗಳನ್ನು ಕಟ್ಟಿದವರು ಯುರೋಪಿನ ಪದಗಳನ್ನು ಮುಂದಿಟ್ಟುಕೊಂಡೇ ಕಟ್ಟಿದ್ದರಿಂದ ಇದು ಕಾಕತಾಳೀಯವಲ್ಲ. ಈ ಪದಗಳು ಕಬ್ಬಿಣದ ಕಡಲೆ ಎಂದು ದೂರುವ ಬದಲು ಎರಡನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಬಿಡಿಸಿ ತೋರಿಸಿದರೆ ‘ಥರ್ಮೋಸ್’, ‘ಟೆಲಿಫೋನ್’, ‘ಮೈಕ್ರೊಫೋನ್’ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಪೂರ್ವಪ್ರತ್ಯಯಗಳ ಕಥೆಯೂ ಇದೇ. ಸಾಧ್ಯ, ಅಸಾಧ್ಯ, ನ್ಯಾಯ, ಅನ್ಯಾಯ ಗೊತ್ತಿರುವ ಮಗುವಿಗೆ ‘ಪಾಸಿಬಲ್’, ‘ಇಂಪಾಸಿಬಲ್’ ಹೊಸ ತತ್ವವೇನಲ್ಲ. ‘ಇನ್’ ಎಂಬುದು ‘ಲೀಗಲ್’ ಮುಂದೆ ‘ಇಲ್’ ಆಗಿ ‘ಇಲ್ಲೀಗಲ್’, ‘ರೆಗ್ಯುಲರ್’ ಮುಂದೆ ‘ಇರ್’ ಆಗಿ ‘ಇರ್ರೆಗ್ಯುಲರ್’ ಏಕಾಗುತ್ತದೆಂಬುದು ಇಂಗ್ಲಿಷ್ ತರಗತಿಯಲ್ಲಿ ಒಗಟು. ಅದೇ ಶಾಲೆಯ ಕನ್ನಡ ತರಗತಿಯಲ್ಲಿ ‘ಉತ್’ ಮತ್ತು ‘ಲೇಖ’ ಸೇರಿ ‘ಉಲ್ಲೇಖ’, ‘ತತ್’ ಮತ್ತು ‘ಲೀನ’ ಸೇರಿ ‘ತಲ್ಲೀನ’ ಆಗುವುದನ್ನು ಸಂಧಿಪಾಠದಲ್ಲಿ ಬಿಡಿಸಿರುತ್ತಾರೆ. ಎದುರಿನ ವ್ಯಂಜನಕ್ಕೆ ಹಿಂದಿನದು ಹೊಂದಿಕೊಳ್ಳುವ ಪ್ರಕ್ರಿಯೆ ಎರಡೂ ಕಡೆ ಒಂದೇ. ಕನ್ನಡ ಮೇಷ್ಟ್ರು ಇಂಗ್ಲಿಷ್ ಮೇಡಂ ಸ್ಟಾಫ್‌ರೂಮಿನಲ್ಲಿ ಹತ್ತು ನಿಮಿಷ ಕೂತು ಮಾತಾಡಿದರೆ ಈ ಎರಡು ಪಾಠಗಳು ಒಂದಾಗುತ್ತವೆ.

ಇನ್ನು ಕನ್ನಡದೊಳಕ್ಕೆ ಬಂದು ನೆಲೆಸಿರುವ ಇಂಗ್ಲಿಷ್ ಪದಗಳು. ಮನೆಯಲ್ಲಿ ‘ಕರೆಂಟ್’ ಹೋಗುತ್ತದೆ, ಮೊಬೈಲಿಗೆ ‘ಕರೆನ್ಸಿ’ ಹಾಕಿಸುತ್ತಾರೆ, ಅಂಚೆ ಕಚೇರಿಯಲ್ಲಿ ‘ರಿಕರಿಂಗ್ ಡಿಪಾಸಿಟ್’ ಕಟ್ಟುತ್ತಾರೆ, ‘ಕೊರಿಯರ್’ ಬರುತ್ತದೆ, ಕಂಪ್ಯೂಟರ್ ‘ಕೋರ್ಸ್’ ಸೇರಿದರೆ ಪರದೆಯ ಮೇಲೆ ‘ಕರ್ಸರ್’ ಓಡುತ್ತದೆ. ಈ ಎಲ್ಲ ಪದಗಳ ಬೇರು ಓಡು, ಹರಿ ಎಂಬ ಅರ್ಥದ ಲ್ಯಾಟಿನ್ ಧಾತು ‘ಕುರ್ರೆರೆ’. ತಂತಿಯಲ್ಲಿ ಹರಿಯುವುದು ಕರೆಂಟ್, ಕೈಯಿಂದ ಕೈಗೆ ಹರಿದಾಡುವ ಹಣ ಕರೆನ್ಸಿ, ಮರಳಿ ಮರಳಿ ಬರುವುದು ರಿಕರಿಂಗ್, ಓಡಿ ಹೋಗಿ ಮುಟ್ಟಿಸುವವನು ಕೊರಿಯರ್. ಇಷ್ಟು ತಿಳಿದವರಿಗೆ ಭೂಗೋಳದ ‘ಓಷನ್ ಕರೆಂಟ್’, ಪತ್ರಿಕೆಯ ‘ಕರೆಂಟ್ ಅಫೇರ್ಸ್’, ಶಾಲೆಯ ‘ಎಕ್ಸ್‌ಕರ್ಷನ್’ ಬೇರೆ ಬೇರೆಯಾಗಿ ಕಲಿಯಬೇಕಾದ ಪದಗಳಾಗಿ ಉಳಿಯುವುದಿಲ್ಲ. ಒಂದು ಧಾತು ಏಳೆಂಟು ಪದಗಳ ಹೊರೆ ಇಳಿಸಿತು. ಓದಿಗೆ ಬೇಕಾದ ಪದಸಂಖ್ಯೆಯನ್ನು ಸಂಶೋಧಕರು ಪದಕುಟುಂಬಗಳಲ್ಲಿ ಎಣಿಸುವುದು ಸುಮ್ಮನೆ ಅಲ್ಲ. ಎವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಸಿದ್ಧಪಡಿಸಿದ ವಿದ್ವತ್‌ಪದಗಳ ಪಟ್ಟಿಯಲ್ಲಿರುವುದು 570 ಕುಟುಂಬಗಳು. ಕಾಲೇಜು ಪಠ್ಯಗಳಲ್ಲಿ ಸುಮಾರು ನೂರಕ್ಕೆ ಹತ್ತು ಪದಗಳು ಅವುಗಳಿಂದಲೇ ಬರುತ್ತವೆ. ಪಿಯುಸಿಯವರೆಗೆ ಕನ್ನಡದಲ್ಲಿ ಓದಿ ಪದವಿಯಲ್ಲಿ ಇಂಗ್ಲಿಷಿಗೆ ಹೊರಳುವ ವಿದ್ಯಾರ್ಥಿ ಮುಗ್ಗರಿಸುವುದು ಬಹುತೇಕ ಈ ಪದಗಳಲ್ಲೇ.

ಸುಳ್ಳು ನೆಂಟರೂ ಇದ್ದಾರೆ, ಅವರ ಬಗ್ಗೆ ಎಚ್ಚರ ಬೇಕು. ‘ಹಾರ್ಡ್’ ಎಂದರೆ ಕಷ್ಟಪಟ್ಟು, ‘ಹಾರ್ಡ್ಲಿ’ ಎಂದರೆ ಇಲ್ಲವೇ ಇಲ್ಲ ಎನ್ನುವಷ್ಟು. ಪೆಟ್ರೋಲ್ ಟ್ಯಾಂಕರಿನ ಹಿಂದೆ ಬರೆದಿರುವ ‘ಇನ್‌ಫ್ಲೇಮಬಲ್’ ಎಂದರೆ ಬೆಂಕಿ ಹೊತ್ತಿಕೊಳ್ಳದ್ದೆಂದು ತಿಳಿದವರು ಬದುಕುವುದು ಕಷ್ಟ. ಅಲ್ಲಿನ ‘ಇನ್’ ನಿಷೇಧದ್ದಲ್ಲ. ‘ಇನ್‌ವ್ಯಾಲ್ಯುಯಬಲ್’ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ರೂಪ ನೋಡಿ ಊಹಿಸಿದ ಅರ್ಥವನ್ನು ವಾಕ್ಯದಲ್ಲಿಟ್ಟು ಒರೆಗೆ ಹಚ್ಚುವ ಅಭ್ಯಾಸವನ್ನೂ ಜೊತೆಗೇ ಕಲಿಸಬೇಕು.

ವಿರುದ್ಧಪದಗಳ ಪಟ್ಟಿಯಲ್ಲಿ ಮೂಲದಲ್ಲೇ ಒಂದು ದೋಷವಿದೆ: ವಿರೋಧ ಇರುವುದು ಪದಕ್ಕೆ ಅಲ್ಲ, ಪದದ ಒಂದು ಅರ್ಥಕ್ಕೆ. ‘ಓಲ್ಡ್’ನ ವಿರುದ್ಧಪದ ಮನೆಗೆ ‘ನ್ಯೂ’, ಮನುಷ್ಯನಿಗೆ ‘ಯಂಗ್’. ‘ಶಾರ್ಟ್’ಗೆ ಹಗ್ಗದಲ್ಲಿ ‘ಲಾಂಗ್’, ಆಳಿನಲ್ಲಿ ‘ಟಾಲ್’. ‘ಲೈಟ್’ಗೆ ತೂಕದಲ್ಲಿ ‘ಹೆವಿ’, ಬಣ್ಣದಲ್ಲಿ ‘ಡಾರ್ಕ್’. ‘ಹಾರ್ಡ್’ಗೆ ಹಾಸಿಗೆಯಲ್ಲಿ ‘ಸಾಫ್ಟ್’, ಲೆಕ್ಕದಲ್ಲಿ ‘ಈಸಿ’. ಒಂದು ಪದಕ್ಕೆ ಒಂದೇ ವಿರುದ್ಧಪದ ಎಂದು ಉರುಹೊಡೆಸುವುದು ಇದೆಲ್ಲವನ್ನೂ ಮುಚ್ಚಿಬಿಡುತ್ತದೆ. ವಿರೋಧಗಳೂ ಒಂದೇ ಜಾತಿಯವಲ್ಲ. ಸತ್ತ, ಬದುಕಿದ ಎಂಬುದರ ನಡುವೆ ಮೆಟ್ಟಿಲಿಲ್ಲ. ಬಿಸಿ, ತಣ್ಣಗೆ ಎಂಬುದರ ನಡುವೆ ‘ವಾರ್ಮ್’, ‘ಕೂಲ್’ ಇವೆ. ಕೊಳ್ಳು, ಮಾರು ಒಂದೇ ವ್ಯವಹಾರದ ಎರಡು ಬದಿ. ಒಬ್ಬ ಕೊಳ್ಳದೆ ಇನ್ನೊಬ್ಬ ಮಾರಲಾರ. ಪಟ್ಟಿಯಲ್ಲಿ ಮಾತ್ರ ಮೂರೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಬಗೆ, ಒಳಬಗೆಯ ನಂಟು ಬರಹ ಓದುವಾಗ ಹೆಚ್ಚು ಕೆಲಸಕ್ಕೆ ಬರುತ್ತದೆ. ಇಂಗ್ಲಿಷ್ ಗದ್ಯ ಒಮ್ಮೆ ‘ಎಲಿಫಂಟ್’ ಎಂದದ್ದನ್ನು ಮುಂದಿನ ಸಾಲಿನಲ್ಲಿ ‘ದಿ ಅನಿಮಲ್’ ಎನ್ನುತ್ತದೆ. ಓದುವವರು ಇನ್ನೊಂದು ಪ್ರಾಣಿ ಬಂತೆಂದು ತಿಳಿದರೆ ದಾರಿ ತಪ್ಪಿದಂತೆಯೇ. ಮಾತಿನಲ್ಲೂ ಇದು ಆಪತ್ತಿಗೆ ಒದಗುತ್ತದೆ. ಹಪ್ಪಳ, ಮೊರ, ಒರಳು ಇವುಗಳಿಗೆ ಇಂಗ್ಲಿಷ್ ಪದ ಹೊಳೆಯದಿದ್ದಾಗ ಇದು ತಿನ್ನುವ ವಸ್ತು, ಅದು ಕೇರುವ ಸಾಧನ ಎಂದು ದೊಡ್ಡ ಬಗೆಯ ಹೆಸರು ಹೇಳಿ, ಉಪಯೋಗ ಸೇರಿಸಿದರೆ ಕೇಳುವವರಿಗೆ ತಿಳಿಯುತ್ತದೆ. ಎರಡು ಭಾಷೆಗಳು ಲೋಕವನ್ನು ಒಂದೇ ರೀತಿ ವಿಂಗಡಿಸುವುದಿಲ್ಲವೆಂಬುದು ಕಾಣುವುದೂ ಇಲ್ಲೇ. ಭತ್ತ, ಅಕ್ಕಿ, ಅನ್ನಗಳಲ್ಲಿ ಕೊನೆಯ ಎರಡಕ್ಕೂ ಇಂಗ್ಲಿಷಿನಲ್ಲಿ ‘ರೈಸ್’. ಅಣ್ಣ, ತಮ್ಮ ಇಬ್ಬರೂ ‘ಬ್ರದರ್’. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರೂ ‘ಅಂಕಲ್’. ತಿರುಗಾಮುರುಗಾ ಕೂಡ ಉಂಟು: ಕನ್ನಡದ ‘ಕೇಳು’ ಒಂದು, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು ‘ಆಸ್ಕ್’, ಸದ್ದು ಕೇಳಿಸುವುದು ‘ಹಿಯರ್’, ಗಮನವಿಟ್ಟು ಕೇಳುವುದು ‘ಲಿಸನ್’. ಇದು ಅರ್ಥವನ್ನು ಕನ್ನಡದಲ್ಲಿ ಹೇಳಲೇಬಾರದೆಂಬ ವಾದಕ್ಕೆ ಆಧಾರವಲ್ಲ. ಕನ್ನಡದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಎಲ್ಲಿಯವರೆಗೆ ಆ ಅರ್ಥ ಸರಿ, ಎಲ್ಲಿಂದ ಮುಂದೆ ಸಲ್ಲದು ಎಂಬುದನ್ನು ಸೇರಿಸಿ ಹೇಳಬೇಕು, ಅಷ್ಟೆ.

ಸಮಾನಪದಗಳು ಕೊನೆಗೆ ಬರಬೇಕು, ಏಕೆಂದರೆ ಅವುಗಳಲ್ಲಿ ಕಲಿಯಬೇಕಾದದ್ದು ಸಾಮ್ಯವಲ್ಲ, ವ್ಯತ್ಯಾಸ. ಇದನ್ನು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಸತ್ತ, ತೀರಿಕೊಂಡರು, ನಿಧನರಾದರು, ಲಿಂಗೈಕ್ಯರಾದರು, ಹುತಾತ್ಮರಾದರು ಇವು ನಿಘಂಟಿನ ಲೆಕ್ಕದಲ್ಲಿ ಸಮಾನಾರ್ಥಕಗಳು. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿ ಸಾವಿನ ಸುದ್ದಿ ಬರೆದ ವರದಿಗಾರನ ಗತಿ ಏನಾದೀತು? ಇಂಗ್ಲಿಷಿನ ‘ಡೈ’, ‘ಪಾಸ್ ಅವೇ’ಗಳ ನಡುವೆಯೂ ಇಂಥದೇ ಅಂತರ. ನಮ್ಮಲ್ಲಿ ಗೌರವದಿಂದ ಹೇಳುವ ‘ಎಕ್ಸ್‌ಪೈರ್ ಆದರು’ ಎಂಬುದು ಇಂಗ್ಲೆಂಡಿನವರ ಕಿವಿಗೆ ಔಷಧಿಯ ಅವಧಿ ಮುಗಿದಂತೆ ಕೇಳಿಸಬಹುದು. ‘ಬಿಗ್’, ‘ಲಾರ್ಜ್’, ‘ಗ್ರೇಟ್’ ಮೂರಕ್ಕೂ ‘ದೊಡ್ಡ’ ಎಂದೇ ಅರ್ಥ ಬರೆದುಕೊಂಡರೂ ತಪ್ಪು ‘ಬಿಗ್ ಮಿಸ್ಟೇಕ್’, ಸಂಖ್ಯೆ ‘ಲಾರ್ಜ್ ನಂಬರ್’, ಕಾಳಜಿ ‘ಗ್ರೇಟ್ ಕೇರ್’. ಸಮಾನಪದಗಳನ್ನು ಬೇರ್ಪಡಿಸುವುದು ಮತ್ತೆ ಅವುಗಳ ಒಡನಾಟವೇ. ಒಡನಾಟ ಗೊತ್ತಿಲ್ಲದವರ ಕೈಗೆ ಸಮಾನಪದಗಳ ಪಟ್ಟಿ ಕೊಟ್ಟರೆ ತಪ್ಪು ಮಾಡಲು ಹೆಚ್ಚಿನ ಅವಕಾಶ ಕೊಟ್ಟಂತೆ.

ಇದಕ್ಕೆ ಬೇಕಾದ ಸಲಕರಣೆಗಳಿಗೆ ಕೊರತೆಯಿಲ್ಲ. ಪ್ರಿನ್ಸ್‌ಟನ್‌ನಲ್ಲಿ ಜಾರ್ಜ್ ಮಿಲ್ಲರ್ ಮತ್ತು ಸಂಗಡಿಗರು 1985ರಲ್ಲಿ ಆರಂಭಿಸಿದ ‘ವರ್ಡ್‌ನೆಟ್’ ಪದಗಳನ್ನು ನಂಟಿನ ಪ್ರಕಾರವೇ ಹೆಣೆದಿರುವ ಕೋಶ; ಭಾರತೀಯ ಭಾಷೆಗಳಿಗಾಗಿ ಬಾಂಬೆ ಐಐಟಿಯ ನೇತೃತ್ವದಲ್ಲಿ ಬೆಳೆದ ‘ಇಂಡೊ ವರ್ಡ್‌ನೆಟ್’ನಲ್ಲಿ ಕನ್ನಡವೂ ಇದೆ. ಪದದ ಜೊತೆಪದಗಳನ್ನು ತೋರಿಸುವ ನಿಘಂಟುಗಳು ಮೊಬೈಲಿನಲ್ಲೇ ಸಿಗುತ್ತವೆ. ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ಇಂಗ್ಲಿಷ್ ತರಬೇತಿ ಕೊಡುವ ಪ್ರಾದೇಶಿಕ ಸಂಸ್ಥೆ 1963ರಿಂದ ಬೆಂಗಳೂರಿನಲ್ಲಿದೆ. ಅರ್ಥಪೂರ್ಣ ಕೆಲಸಗಳ ಮೂಲಕ ಭಾಷೆ ಕಲಿಸಬಹುದೆಂದು ಎನ್. ಎಸ್. ಪ್ರಭು ನಡೆಸಿದ, ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಲೋಕವಿಖ್ಯಾತವಾದ ಪ್ರಯೋಗಕ್ಕೆ 1979ರಲ್ಲಿ ನೆಲೆಯಾದದ್ದೂ ಅದೇ ಸಂಸ್ಥೆ.

ತರಗತಿಯಲ್ಲಿ ಐವತ್ತು ಮಕ್ಕಳಿರುವಾಗ, ಸಿಲಬಸ್ ಮುಗಿಸುವ ಒತ್ತಡವಿರುವಾಗ ಇದೆಲ್ಲ ಆಗದ ಮಾತೆಂಬ ಆಕ್ಷೇಪ ಬರುವುದು ಸಹಜ. ಪಟ್ಟಿಗಳು ಉಳಿದಿರುವುದು ಅವು ಚೆನ್ನಾಗಿ ಕಲಿಸುತ್ತವೆಂದಲ್ಲ; ಅವುಗಳನ್ನು ಬರೆಸುವುದು ಸುಲಭ, ತಿದ್ದುವುದು ಇನ್ನೂ ಸುಲಭ ಎಂದು. ಬ್ಯಾಂಕ್ ಮತ್ತು ಇತರ ನೇಮಕಾತಿ ಪರೀಕ್ಷೆಗಳಲ್ಲಿ ಸಮಾನಪದ, ವಿರುದ್ಧಪದಗಳನ್ನು ಕೇಳುತ್ತಾರಲ್ಲ ಎಂಬುದೂ ನಿಜ. ಆ ಪರೀಕ್ಷೆಗಳ ಹೊತ್ತಿಗೆ ಅಭ್ಯರ್ಥಿಗೆ ಇಂಗ್ಲಿಷ್ ಒಂದು ಮಟ್ಟಕ್ಕೆ ಬಂದಿರುತ್ತದೆ, ಪಟ್ಟಿ ಆಗ ಉಪಯೋಗಕ್ಕೆ ಬರುತ್ತದೆ. ಐದನೇ ತರಗತಿಯ ಮಗುವಿಗೆ ಅದರಿಂದ ಆಗಬೇಕಾದದ್ದೇನಿಲ್ಲ. ಬದಲಾವಣೆ ಶುರುವಾಗಬೇಕಾದದ್ದು ಪ್ರಶ್ನೆಪತ್ರಿಕೆಯಿಂದ. ‘ಓಲ್ಡ್’ ಪದದ ವಿರುದ್ಧಪದ ಬರೆಯಿರಿ ಎಂದು ಬರಿದೆ ಕೇಳುವ ಬದಲು, ‘ಓಲ್ಡ್ ಹೌಸ್’ ಮತ್ತು ‘ಓಲ್ಡ್ ಮ್ಯಾನ್’ ಎರಡನ್ನೂ ವಾಕ್ಯದಲ್ಲಿಟ್ಟು ಕೇಳಲಿ. ಅಂಕ ಅಷ್ಟೇ, ತಿದ್ದುವ ಸಮಯವೂ ಅಷ್ಟೇ. ತರಗತಿಯಲ್ಲಿ ಕಲಿಸುವ ರೀತಿಯನ್ನು ಬದಲಿಸದೆ ಶಿಕ್ಷಕರಿಗೆ ಬೇರೆ ದಾರಿ ಇರುವುದಿಲ್ಲ.